ಹಾರ್ಡ್ ಡಿಸ್ಕ್ ಬದಲಿಸಲು ನಿರ್ಧರಿಸಿದ ಬಗೆ

ಲ್ಯಾಪ್‌ಟಾಪ್ ನಿಧಾನವಾದಾಗ ನಾನು ಮೊದಲು ದೂರಿದ್ದು ಆಪರೇಟಿಂಗ್ ಸಿಸ್ಟಂ ಅನ್ನು. ಆದರೆ ಫೋಟೋಗಳಿದ್ದ ಒಂದು ಫೋಲ್ಡರ್ ತೆರೆದಾಗಲೆಲ್ಲ ಡಿಸ್ಕಿನ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯತೊಡಗಿ, ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳಿಬಂದ ಮೇಲೆ ಸಂಶಯ ಹಾರ್ಡ್ ಡಿಸ್ಕಿನತ್ತ ತಿರುಗಿತು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಕೊಳ್ಳುವ ಸ್ಮಾರ್ಟ್ (SMART) ವರದಿಯನ್ನು ತೆಗೆದು ನೋಡಿದೆ. ಒಟ್ಟಾರೆ ಸ್ಥಿತಿ ‘ಪಾಸ್’ ಎಂದೇ ಇತ್ತು. ಆ ಒಂದು ಪದವನ್ನು ನಂಬಿ ಕೂತಿದ್ದರೆ ಕೆಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ನೋಡಬೇಕಾದದ್ದು ಒಳಗಿನ ಸಾಲುಗಳನ್ನು. ಪ್ರತಿ ಸಾಲಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. 5 ಸಂಖ್ಯೆಯ ಸಾಲು ಕೆಟ್ಟ ಸೆಕ್ಟರಿಗೆ (ಡಿಸ್ಕಿನಲ್ಲಿ ಮಾಹಿತಿ ಕೂರುವ ಪುಟ್ಟ ಜಾಗಕ್ಕೆ) ಬದಲಾಗಿ ಮೀಸಲು ಸೆಕ್ಟರ್ ಎಷ್ಟು ಬಾರಿ ಬಳಕೆಯಾಗಿದೆ ಎಂಬುದನ್ನೂ, 197 ಸಂಖ್ಯೆಯದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳನ್ನೂ ತಿಳಿಸುತ್ತದೆ. ಮಾಹಿತಿ ಸಾಗಣೆಯ ದೋಷಗಳನ್ನು ಎಣಿಸುವ 199 ಸಂಖ್ಯೆಯದು ಏರಿದ್ದರೆ ಕೇಬಲ್ ಅಥವಾ ಕನೆಕ್ಟರನ್ನು ಮೊದಲು ಶಂಕಿಸಬೇಕಿತ್ತು. ನನ್ನಲ್ಲಿ ಅದು ಸೊನ್ನೆಯಾಗಿತ್ತು. 197ರ ಎದುರು 16 ಇದ್ದದ್ದು ಎರಡು ದಿನದಲ್ಲಿ 40 ಆಯಿತು. ಸಂಖ್ಯೆ ನಿಂತಲ್ಲೇ ನಿಂತಿದ್ದರೆ ಬ್ಯಾಕಪ್ ಇಟ್ಟುಕೊಂಡು ಇನ್ನಷ್ಟು ದಿನ ಕಾಯುತ್ತಿದ್ದೆನೇನೋ; ಏರುತ್ತಿದ್ದುದರಿಂದ ಬದಲಿಸಲು ನಿರ್ಧರಿಸಿದೆ.

ದೋಷ ಸರಿಪಡಿಸುವ ಸ್ಕ್ಯಾನ್ ನಡೆಸುವ ಆಸೆಯನ್ನು ತಡೆದುಕೊಂಡೆ, ಏಕೆಂದರೆ ಸಾಯುತ್ತಿರುವ ಡಿಸ್ಕಿಗೆ ಅದು ಹೆಚ್ಚುವರಿ ದುಡಿತ. ಮೊದಲು ಮುಖ್ಯ ಕಡತಗಳನ್ನು ನಕಲಿಸಿ, ಉಳಿದದ್ದನ್ನು ಡಿಡಿರೆಸ್ಕ್ಯೂ ತಂತ್ರಾಂಶಕ್ಕೆ ಬಿಟ್ಟೆ; ಅದು ಓದಲು ಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ತೊಡಕಿನ ಜಾಗಗಳಿಗೆ ಆಮೇಲೆ ಮರಳುತ್ತದೆ. ಎರಡು ಫೋಟೋಗಳು ಮಾತ್ರ ದಕ್ಕಲಿಲ್ಲ.

ಹೊಸದಾಗಿ 2.5 ಇಂಚಿನ ಸಾಟಾ (ಡಿಸ್ಕ್ ಜೋಡಿಸುವ ಒಂದು ಬಗೆಯ ಸಂಪರ್ಕ) ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಡ್ರೈವ್ ಹಾಕಿದೆ. ಹಳೆಯ ಡಿಸ್ಕ್ 9.5 ಮಿ.ಮೀ. ದಪ್ಪವಿದ್ದು ಇದು 7 ಮಿ.ಮೀ. ಇದ್ದುದರಿಂದ, ಅಲುಗಾಡದಂತೆ ತೆಳುವಾದ ಪ್ಲಾಸ್ಟಿಕ್ ಚೌಕಟ್ಟೊಂದನ್ನು ಸೇರಿಸಬೇಕಾಯಿತು.