ಸ್ಪೀಡೋಮೀಟರ್ ಸತ್ತಿತ್ತು, ಕೇಬಲ್ ಬದಲಿಸಿದೆ

ಪುಣೆಯಲ್ಲಿ ಮಳೆ ಶುರುವಾದ ಮೇಲೆ ನಮ್ಮ ಹಳೆ ಕಾರಿನ ಸ್ಪೀಡೋಮೀಟರ್ ಮುಳ್ಳು 40ರ ಹತ್ತಿರ ಸುಮ್ನೆ ಕುಣಿಯುತ್ತಿತ್ತು, ಆಮೇಲೆ ಸೊನ್ನೆಯಲ್ಲೇ ಮಲಗಿಬಿಟ್ಟಿತು. ಗ್ಯಾರೇಜಿನವರು ಪೂರ್ತಿ ಮೀಟರನ್ನೇ ಬದಲಿಸಿ ಅಂದರು. ಆದರೆ ಕಿಲೋಮೀಟರ್ ಅಂಕಿಯೂ ನಿಂತಿತ್ತಲ್ಲ, ಅದೇ ಸುಳಿವು. ಹಳೆ ಕಾರುಗಳಲ್ಲಿ ಮುಳ್ಳು, ಅಂಕಿ ಎರಡನ್ನೂ ಓಡಿಸುವುದು ಗೇರ್‌ಬಾಕ್ಸ್‌ನಿಂದ ಬರುವ ಒಂದೇ ಕೇಬಲ್. ಅಂಕಿ ಓಡುತ್ತಾ ಮುಳ್ಳು ಮಾತ್ರ ನಿಂತಿದ್ದರೆ ಮೀಟರ್ ಮೇಲೆ ಅನುಮಾನ ಪಡಿ. ಎರಡೂ ನಿಂತರೆ ಮೊದಲು ಕೇಬಲ್ ನೋಡಿ.

ಮೀಟರ್ ಹಿಂದೆ ಕೇಬಲ್ ಬಿಚ್ಚಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ತಮ್ಮನಿಗೆ ಸ್ವಲ್ಪ ತಳ್ಳೋ ಅಂದೆ. ಒಳಗಿನ ತಂತಿ ತಿರುಗಲೇ ಇಲ್ಲ, ಎಳೆದರೆ ತುಂಡು ಕೈಗೇ ಬಂತು. ಪುಣೆಯಲ್ಲಿ ಗಾಡಿ ಬಿಡಿಭಾಗ ಮಾರುವ ‘ನಾನಾ ಪೇಠ’ ಅನ್ನೋ ಬಡಾವಣೆಯಲ್ಲಿ ಹೊಸದು ಸಿಕ್ಕಿತು. ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ, ಉದ್ದವೂ ತುದಿಯೂ ಹೊಂದಬೇಕು, ಇಲ್ಲಾಂದ್ರೆ ಆ ಟ್ರಾಫಿಕ್‌ನಲ್ಲಿ ಮತ್ತೊಂದು ಸುತ್ತು.

ತಂತಿಗೆ ತೆಳ್ಳಗೆ ಗ್ರೀಸ್ ಹಚ್ಚಿ, ಆದರೆ ಮೀಟರ್ ಕಡೆಯ ತುದಿಗೆ ಬೇಡ, ಯಾಕಂದ್ರೆ ಗ್ರೀಸ್ ಮೇಲೇರಿ ಮೀಟರ್ ಒಳಗೆ ಮುಳ್ಳನ್ನು ತಿರುಗಿಸುವ ಅಯಸ್ಕಾಂತ, ಅಲ್ಯುಮಿನಿಯಂ ಬಟ್ಟಲಿಗೆ ಮೆತ್ತಿಕೊಂಡರೆ ಮುಳ್ಳು ತಪ್ಪು ವೇಗ ತೋರಿಸುತ್ತದೆ. ಕೇಬಲನ್ನು ಎಲ್ಲೂ ಬಿಗಿಯಾಗಿ ಮಡಚಬೇಡಿ, ಅದರಿಂದಲೂ ಮುಳ್ಳು ಕುಣಿಯುತ್ತದೆ. ಆಮೇಲೆ ಹುಬ್ಬಳ್ಳಿಗೆ ಹೋಗುವಾಗ ಫೋನಿನ ಜಿಪಿಎಸ್ ಜೊತೆ ಹೋಲಿಸಿದೆ. ಮೀಟರ್ ಚೂರು ಜಾಸ್ತಿ ತೋರಿಸಿತು, ಅದು ಮಾಮೂಲಿ.