ಲಡಾಖಿನ ರಾತ್ರಿ, ನಿಲ್ಲುವ ಉಸಿರು ಮತ್ತು ಸಪ್ಲಿಮೆಂಟ್ ಡಬ್ಬಿಗಳು

ಬೆಂಗಳೂರಿನಿಂದ ಲಡಾಖಿಗೆ ಚಾರಣದ ತಂಡ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹೊರಡುವ ಮೊದಲು ಎಲ್ಲರ ಔಷಧಿ ಚೀಲ ಬಿಚ್ಚಿಸಿ ನೋಡುತ್ತೇನೆ. ಗಿಂಕೋ ಮರದ ಎಲೆಯ ಕ್ಯಾಪ್ಸೂಲ್, ಬೀಟ್‌ರೂಟ್ ಪುಡಿ, ಅಶ್ವಗಂಧ, ವಿಟಮಿನ್ ಸಿ, ಮೂಸಿ ನೋಡೋಕೆ ಕರ್ಪೂರ. ಮೇಲೆ ಹೋದಾಗ ಉಸಿರು ಕಟ್ಟಬಾರದು, ರಾತ್ರಿ ನಿದ್ದೆ ಬರಬೇಕು ಅನ್ನುವ ಆಸೆ ಎಲ್ಲರದ್ದೂ.

ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ಮೊದಲ ರಾತ್ರಿ ಪಕ್ಕದಲ್ಲಿ ಮಲಗಿದವರ ಉಸಿರಿಗೆ ಕಿವಿಗೊಡಿ. ನಾಲ್ಕೈದು ಸಲ ಜೋರಾಗಿ ಎಳೆದುಕೊಳ್ಳುತ್ತಾರೆ. ಆಮೇಲೆ ಉಸಿರು ಸಣ್ಣದಾಗುತ್ತಾ ಹೋಗಿ ನಿಂತೇಬಿಡುತ್ತದೆ. ಹತ್ತು ಸೆಕೆಂಡ್ ಸದ್ದೇ ಇಲ್ಲ. ಎಬ್ಬಿಸೋಣ ಅಂತ ಕೈ ಚಾಚುವಷ್ಟರಲ್ಲಿ ಒಂದು ದೊಡ್ಡ ಉಸಿರು. ಕೆಲವರು ಯಾರೋ ಕತ್ತು ಹಿಸುಕಿದ ಹಾಗೆ ದಡಕ್ಕನೆ ಎದ್ದು ಕೂರುತ್ತಾರೆ.

ಗಾಳಿಯಲ್ಲಿ ಆಮ್ಲಜನಕ ಸಾಲದು ಅಂತ ದೇಹ ಜಾಸ್ತಿ ಉಸಿರಾಡುತ್ತದೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ತೀರಾ ಇಳಿದುಬಿಡುತ್ತದೆ. ನಿದ್ದೆಯಲ್ಲಿ ಉಸಿರಾಡು ಅಂತ ಮೆದುಳಿಗೆ ನೆನಪಿಸುವುದು ಮುಖ್ಯವಾಗಿ ಅದೇ. ಅದು ಇಳಿದರೆ ಉಸಿರು ನಿಲ್ಲುತ್ತದೆ, ನಿಂತಾಗ ಅದು ಮತ್ತೆ ಏರುತ್ತದೆ, ಏರಿದಾಗ ಉಸಿರು ಶುರು. ಗಟ್ಟಿಮುಟ್ಟಾದವರಲ್ಲೂ ಹೀಗಾಗುತ್ತದೆ. ಇದೊಂದೇ ಇದ್ದರೆ ಗಾಬರಿ ಬೇಡ. ಎತ್ತರದ ಕಾಯಿಲೆ ಅಳೆಯುವ ಲೇಕ್ ಲೂಯಿಸ್ ಅಂಕಪಟ್ಟಿಯಿಂದ ನಿದ್ದೆಯ ಪ್ರಶ್ನೆಯನ್ನು 2018ರಲ್ಲಿ ತೆಗೆದೇ ಹಾಕಿದರು. ಹಾಗಾಗಿ ಬೆಳಿಗ್ಗೆ ನಾನು ಮೊದಲು ಕೇಳುವುದು ತಲೆನೋವು, ವಾಕರಿಕೆ, ಸುಸ್ತು, ತಲೆಸುತ್ತು ಇದೆಯಾ ಅಂತ.

ಇನ್ನು ಆ ಡಬ್ಬಿಗಳ ವಿಷಯ. ಎವರೆಸ್ಟ್ ದಾರಿಯ ಚಾರಣಿಗರ ಮೇಲೆ ಗಿಂಕೋವನ್ನು ಪರೀಕ್ಷಿಸಿದ್ದಾರೆ. 2004ರಲ್ಲಿ ಬಂದ ಫಲಿತಾಂಶದಲ್ಲಿ ಅದು ಔಷಧವಿಲ್ಲದ ಖಾಲಿ ಮಾತ್ರೆಗಿಂತ ಮೇಲೇನೂ ಇರಲಿಲ್ಲ. ಅದೇ ಪರೀಕ್ಷೆಯಲ್ಲಿ ಅಸಿಟಜೋಲಮೈಡ್, ಅಂದರೆ ನಮ್ಮವರು ಡೈಮಾಕ್ಸ್ ಅನ್ನುವ ಮಾತ್ರೆ, ಕೆಲಸ ಮಾಡಿತು. ಕರ್ಪೂರ ಮೂಸಿದರೆ ಮೂಗು ತಣ್ಣಗಾಗುತ್ತದೆ, ಆಮ್ಲಜನಕ ಏರುವುದಿಲ್ಲ. ಬೆಳ್ಳುಳ್ಳಿ ಸೂಪ್ ಕೊಟ್ಟರೆ ಖುಷಿಯಿಂದ ಕುಡಿಯಿರಿ, ಚಳಿಗೆ ಹಿತ. ಔಷಧಿ ಅಂತ ನಂಬಬೇಡಿ.

ಕಬ್ಬಿಣದ ಮಾತ್ರೆ ಮಾತ್ರ ಬೇರೆ ಕಥೆ. ಕಬ್ಬಿಣ ಕಡಿಮೆ ಇದ್ದರೆ ಎತ್ತರದಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಅಲ್ಲಿ ರಕ್ತದ ಒತ್ತಡ ಏರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವುದು ಮನೆಮನೆಯ ಮಾತು ಅಲ್ವಾ? ಅದಕ್ಕೇ ಹೊರಡುವ ಎರಡು ಮೂರು ತಿಂಗಳ ಮೊದಲೇ ಹಿಮೋಗ್ಲೋಬಿನ್ ಜೊತೆ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಕೂಡ ನೋಡಿಸಿಕೊಳ್ಳಿ ಅಂತ ಬೆನ್ನು ಹತ್ತುತ್ತೇನೆ. ಕಡಿಮೆ ಇದ್ದರೆ ಡಾಕ್ಟರ್ ಮಾತ್ರೆ ಬರೆಯುತ್ತಾರೆ. ಸರಿ ಇದ್ದವರು ನುಂಗಬೇಕಿಲ್ಲ.

ರಾತ್ರಿ ಪದೇ ಪದೇ ಉಸಿರು ನಿಂತು ಎಚ್ಚರವಾಗುವವರಿಗೆ ಡೈಮಾಕ್ಸ್ ಅನುಕೂಲ. ಮೂತ್ರಪಿಂಡದ ಮೂಲಕ ಅದು ರಕ್ತದ ಕ್ಷಾರ ಇಳಿಸುತ್ತದೆ, ಉಸಿರು ಒಂದು ಲಯಕ್ಕೆ ಬರುತ್ತದೆ. ಮಲಗುವ ಮುಂಚೆ 125 ಮಿಲಿಗ್ರಾಂ ಸಾಕು ಅಂತ ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಸಲ್ಫಾ ಅಲರ್ಜಿ ಇದ್ದವರು ಮೊದಲೇ ಡಾಕ್ಟರಿಗೆ ತಿಳಿಸಬೇಕು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ, ಸೋಡಾ ಸಪ್ಪೆ ಅನಿಸುತ್ತದೆ. ಇವೆಲ್ಲ ಆಗುತ್ತವೆ ಅಂತ ಮುಂಚೆಯೇ ಹೇಳಿಟ್ಟರೆ ಜನ ಹೆದರುವುದಿಲ್ಲ.

ಆದರೂ ನಾನು ಹೆಚ್ಚು ನಂಬುವುದು ಮಲಗುವ ಜಾಗವನ್ನು. ವಿಮಾನ ಇಳಿದ ಮೇಲೆ ಲೇಹ್‌ನಲ್ಲಿ ಎರಡು ರಾತ್ರಿ ಕಡ್ಡಾಯ. ಆಮೇಲೆ ನುಬ್ರಾ ಕಣಿವೆ. ದಾರಿಯಲ್ಲಿ 5,359 ಮೀಟರಿನ ಖರ್ದುಂಗ್ ಲಾ ಘಟ್ಟ ಸಿಕ್ಕರೂ ನುಬ್ರಾದಲ್ಲಿ ನಾವು ಉಳಿಯುವ ಹುಂಡರ್ ಹಳ್ಳಿ ಲೇಹ್‌ಗಿಂತ ತಗ್ಗಿನಲ್ಲಿದೆ. ಘಟ್ಟ ದಾಟುವಾಗ ಕೆಲವೇ ನಿಮಿಷ ನಿಲ್ಲುತ್ತೇವೆ, ರಾತ್ರಿ ಕಳೆಯುವುದು ಕೆಳಗೆ. ಪ್ಯಾಂಗಾಂಗ್ ಸರೋವರ 4,200 ಮೀಟರಿಗೂ ಮೇಲಿದೆ, ಅದು ಕೊನೆಗೆ. ರಜೆ ಇಲ್ಲ, ಎರಡನೇ ದಿನವೇ ಪ್ಯಾಂಗಾಂಗ್‌ನಲ್ಲಿ ಉಳಿಯೋಣ ಅನ್ನುವವರನ್ನು ನಾನು ಕರೆದುಕೊಂಡು ಹೋಗುವುದಿಲ್ಲ.

ನಿದ್ದೆ ಬರಲಿ ಅಂತ ರಾತ್ರಿ ಪೆಗ್ ಹಾಕುವುದು, ಅಲ್ಪ್ರಾಜೋಲಾಂ ನುಂಗುವುದು ಬೇಡವೇ ಬೇಡ. ಎರಡೂ ಉಸಿರಾಟವನ್ನು ಮತ್ತಷ್ಟು ಕುಗ್ಗಿಸುತ್ತವೆ. ಗೊರಕೆಯ ಕಾಯಿಲೆಗೆ ಮನೆಯಲ್ಲಿ ಸಿಪ್ಯಾಪ್, ಅಂದರೆ ಮೂಗಿಗೆ ಗಾಳಿ ಒತ್ತುವ ಯಂತ್ರ, ಹಾಕಿಕೊಳ್ಳುವವರು ಅದನ್ನು ಬಿಟ್ಟು ಬರಬಾರದು. ಟೆಂಟಿನಲ್ಲಿ ಕರೆಂಟ್ ನಂಬುವಂತಿಲ್ಲ, ಬ್ಯಾಟರಿಯೂ ಜೊತೆಗಿರಲಿ.

ಆಕ್ಸಿಮೀಟರನ್ನು ರಾತ್ರಿಯಿಡೀ ಬೆರಳಿಗೆ ಸಿಕ್ಕಿಸಿಕೊಂಡು ಮಲಗಲು ನಾನು ಬಿಡುವುದಿಲ್ಲ. ಉಸಿರಿನ ಜೊತೆ ಅಂಕಿ ಏರಿಳಿಯುತ್ತದೆ, ಬೆರಳು ತಣ್ಣಗಿದ್ದರೆ ತಪ್ಪೂ ತೋರಿಸುತ್ತದೆ. ಅದನ್ನೇ ನೋಡುತ್ತಾ ಇದ್ದ ನಿದ್ದೆಯೂ ಹೋಗುತ್ತದೆ. ನಾನು ನೋಡುವುದು ಬೇರೆ. ಸುಮ್ಮನೆ ಕೂತಾಗಲೂ ಏದುಸಿರು ಬರುತ್ತಿದೆಯಾ, ಕೆಮ್ಮು ನಿಲ್ಲುತ್ತಿಲ್ಲವಾ, ಅಂಗಾತ ಮಲಗಲು ಆಗುತ್ತಿಲ್ಲವಾ, ನೇರವಾಗಿ ನಾಲ್ಕು ಹೆಜ್ಜೆ ಹಾಕಲು ತಡವರಿಸುತ್ತಾರಾ? ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವುದಿಲ್ಲ. ಆಮ್ಲಜನಕ ಹಚ್ಚಿ, ಆ ಹೊತ್ತಿಗೇ ಜೀಪ್ ಹತ್ತಿಸಿ ಕೆಳಗೆ ಇಳಿಸುತ್ತೇನೆ.