ಮೂವತ್ತು ದಿನದ ಮರಾಠಿ ಮುಗಿದ ಮೇಲೆ

ಧಾರವಾಡದಲ್ಲಿ ಮರಾಠಿ ಕಿವಿಗೆ ಬೀಳುತ್ತಲೇ ಇರುತ್ತದೆ. ಕೇಳಿದ್ದು ತಿಳಿಯುತ್ತದೆ, ಪೇಪರೂ ಓದಬಹುದು, ಬಾಯಿ ತೆರೆದರೆ ಮಾತ್ರ ತಪ್ಪುತ್ತದೆ. ಈ ಹಂತದವರಿಗೆ ‘ಮೂವತ್ತು ದಿನಗಳಲ್ಲಿ ಮರಾಠಿ’ ಜಾತಿಯ ಪುಸ್ತಕ ಕೆಲಸಕ್ಕೆ ಬಾರದು. ಮರಾಠಿ ಕಲಿಸುವ ಪುಸ್ತಕ ಹುಡುಕುವುದನ್ನೇ ನಾನು ಬಿಟ್ಟು, ಮರಾಠಿಗರು ತಮಗಾಗಿ ಮಾಡಿಕೊಂಡದ್ದನ್ನು ಜರಡಿ ಹಿಡಿದೆ.

ಮೊದಲು ಹಿಡಿದದ್ದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಪಠ್ಯಗಳು. ಪಿಡಿಎಫ್ ಪುಕ್ಕಟೆ ಸಿಗುತ್ತದೆ. 9, 10ನೆಯ ತರಗತಿಗೆ ‘ಕುಮಾರಭಾರತಿ’, 11, 12ಕ್ಕೆ ‘ಯುವಕಭಾರತಿ’. ಯಾವುದು ನಮ್ಮ ಮಟ್ಟದ್ದೆಂದು ತಿಳಿಯಲು ನಡುವಿನ ಒಂದು ಪುಟ ತೆರೆದು 100 ಪದ ಎಣಿಸಬೇಕು. ಗೊತ್ತಿಲ್ಲದವು ಎರಡೇ ಇದ್ದರೆ ನಿಘಂಟಿಲ್ಲದೆ ಓದಬಹುದು. ಐದಾರಿದ್ದರೆ ಪೆನ್ಸಿಲ್ ಹಿಡಿದು ಓದಬೇಕು. ಹತ್ತು ದಾಟಿದರೆ ಮುಚ್ಚಿಡುವುದೇ ಲೇಸು. ಮೊದಲ ಪುಟ ನಂಬಬಾರದು, ಅದು ಸಾಮಾನ್ಯವಾಗಿ ಸುಲಭ.

ಕನ್ನಡಿಗರಿಗೆ ನಿಜವಾದ ಮುಳ್ಳು ಲಿಂಗ. ಚಹಾ, ಕಾಫಿ, ಹಾಲು ಮೂರಕ್ಕೂ ನಾವು ‘ಮುಗೀತು’ ಅಂದರೆ ಸಾಕು. ಮರಾಠಿಯಲ್ಲಿ ‘ಚಹಾ ಸಂಪಲಾ’, ‘ಕಾಫಿ ಸಂಪಲೀ’, ‘ದೂಧ ಸಂಪಲಂ’. ಆದ್ದರಿಂದ ಆಂಕಿ (ಕಲಿತ ಪದವನ್ನು ಕಾರ್ಡಿನಲ್ಲಿ ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆಪ್) ಕಾರ್ಡಿನಲ್ಲಿ ಬರೀ ‘ದೂಧ’ ಎಂದು ಬರೆದುಕೊಂಡರೆ ದಂಡ. ಕ್ರಿಯಾಪದದ ಜೋಡಿಯೊಂದಿಗೇ ಬರೆಯಬೇಕು. ದಿನಕ್ಕೆ ಹತ್ತು ಹೊಸ ಕಾರ್ಡು ಸಾಕು, ಆಸೆಬಿದ್ದು ಮೂವತ್ತು ಹಾಕಿದರೆ ಹಳೆಯವು ಗುಡ್ಡೆಯಾಗಿ ವಾರದೊಳಗೆ ಆಪ್ ತೆರೆಯಲಿಕ್ಕೇ ಮನಸ್ಸಾಗುವುದಿಲ್ಲ.

ಬರೀ ಓದಿನಿಂದ ಆಗುವ ಇನ್ನೊಂದು ಪೆಟ್ಟು ಇಲ್ಲೇ ಇದೆ. ಮಾತಿನ ‘ಸಂಪಲಂ’ ಬರಹದಲ್ಲಿ ‘ಸಂಪಲೇ’ ಆಗುತ್ತದೆ. ‘ದೂಧ ಸಂಪಲೇ’, ‘ಆಂಬೇ (ಮಾವಿನಹಣ್ಣುಗಳು) ಸಂಪಲೇ’: ಮೊದಲನೆಯದು ನಪುಂಸಕಲಿಂಗದ ಏಕವಚನ, ಎರಡನೆಯದು ಪುಲ್ಲಿಂಗದ ಬಹುವಚನ, ರೂಪ ಒಂದೇ. ಪೇಪರು ಓದಿಯೇ ಕಲಿತವರು ಸಂತೆಯಲ್ಲೂ ವಾರ್ತೆ ಓದಿದ ಹಾಗೆ ಮಾತಾಡುತ್ತಾರೆ! ಮದ್ದು ಎಂದರೆ ಸಂದರ್ಶನ. ಎರಡು ನಿಮಿಷದ ತುಣುಕು ತೆಗೆದುಕೊಂಡು, ಒಮ್ಮೆ ಸುಮ್ಮನೆ ಕೇಳಿ, ಆಮೇಲೆ ತಡೆತಡೆದು ಬರೆದುಕೊಳ್ಳಬೇಕು. ‘ಆಮ್ಹೀ’, ‘ಆಪಣ’ ಬಂದಲ್ಲೆಲ್ಲ ಗೆರೆ ಎಳೆಯಬೇಕು. ನಮ್ಮ ‘ನಾವು’ ಎರಡಕ್ಕೂ ಸಲ್ಲುತ್ತದೆ, ಅವರಲ್ಲಿ ಕೇಳುಗನನ್ನು ಸೇರಿಸಿಕೊಂಡರೆ ‘ಆಪಣ’, ಹೊರಗಿಟ್ಟರೆ ‘ಆಮ್ಹೀ’.

ಇಂಥ ಸಂದರ್ಶನ ಸಿಗುವುದು ಹುಡುಕುವ ಪದದ ಮೇಲೆ ನಿಂತಿದೆ. ಇಂಗ್ಲಿಷಿನಲ್ಲಿ ಟೈಪಿಸಿದರೆ ಮತ್ತೆ ಅಆಇಈ ಪಾಠಗಳೇ ಬರುತ್ತವೆ. ದೇವನಾಗರಿಯಲ್ಲಿ ‘ಮುಲಾಖತ’, ‘ಕಥಾಕಥನ’, ‘ವ್ಯಾಖ್ಯಾನ’ ಎಂದು ಹಾಕಬೇಕು. ಈ ‘ವ್ಯಾಖ್ಯಾನ’ ನಮ್ಮ ವ್ಯಾಖ್ಯಾನವಲ್ಲ, ಉಪನ್ಯಾಸ. ಹಾಗೆಯೇ ಅವರ ‘ರಾಗ’ ಸಿಟ್ಟು, ‘ಪ್ರಪಂಚ’ ಹೆಚ್ಚಾಗಿ ಮನೆ-ಸಂಸಾರ. ಗೊತ್ತಿದೆ ಎಂದುಕೊಂಡು ದಾಟಿಬಿಡುವ ಇಂಥ ಪದಗಳಿಗೆ ನಾನು ಬೇರೆಯೇ ವಹಿ ಇಟ್ಟಿದ್ದೇನೆ.

ನಿಘಂಟಿಗೆ ಮೋಲ್ಸ್‌ವರ್ತ್. ಅವರ ಮರಾಠಿ-ಇಂಗ್ಲಿಷ್ ಕೋಶ 1831ರದು, 1857ರ ಎರಡನೆಯ ಆವೃತ್ತಿ ಷಿಕಾಗೋ ವಿಶ್ವವಿದ್ಯಾಲಯದ ಜಾಲತಾಣದಲ್ಲಿದೆ. ಅರ್ಥ ಇಂಗ್ಲಿಷಿನಲ್ಲಿ, ಪ್ರತಿ ನಾಮಪದಕ್ಕೂ ಲಿಂಗ ಕೊಟ್ಟಿದೆ, ನಮಗೆ ಬೇಕಾದದ್ದೂ ಅದೇ. ಆದರೆ ಕಾಗುಣಿತ ಹಳೆಯದು. ಉಚ್ಚಾರವಿಲ್ಲದ ಅನುಸ್ವಾರಗಳನ್ನು ಮರಾಠಿ ಕೈಬಿಟ್ಟದ್ದು 1962ರ ನಿಯಮಗಳಲ್ಲಿ. ಹೆಸರು ಎಂಬರ್ಥದ ‘ನಾವ’ ಹುಡುಕಿದರೆ ದೋಣಿ ಸಿಗುತ್ತದೆ. ‘ನಾಂವ’ ಎಂದು ಸೊನ್ನೆ ಸೇರಿಸಿ ನೋಡಬೇಕು.